ಗುಡ್ಡವ್ವನ ಗೋಡೆಯ ಪೊಳ್ಳು

ನಾನು ರೋಣದ ಗೌಂಡಿ, ಗೋಡೆ ಕಟ್ಟುವವನು. ಹೊಳೆಮಣ್ಣೂರಿನ ಗುಡ್ಡವ್ವನ ಮನೆಯಲ್ಲಿ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಊರಿಗೆ ಹೊಳೆಯ ನೀರು ನುಗ್ಗಿದ ವರ್ಷ ಅವಳ ಮೊದಲ ಮೊಮ್ಮಗು ಹೊಳೆಯ ಪಾಲಾಗಿತ್ತು. ಈಗ ಸೊಸೆ ಉಮಾ ಎರಡನೆಯ ಕೂಸನ್ನೆತ್ತಿಕೊಂಡು ತವರಿನಿಂದ ಬರುವವಳಿದ್ದಳು.

“ಹೊರಗಿನ ಗ್ವಾಡಿ ಗಿಲಾಯಿ ಉದರೇತಿ. ಕೂಸು ಬರೂದ್ರಾಗ ಮುಚ್ಚಿಬಿಡು ತಮ್ಮಾ,” ಎಂದಳು ಗುಡ್ಡವ್ವ.

ಗಾರೆ ಬಳಿಯುವ ಥಾಪಿಯ ಹಿಡಿಯಿಂದ ಬಡಿದರೆ, ಗೋಡೆಗೆ ಮೆತ್ತಿದ ಗಿಲಾಯಿ ಎಲ್ಲಿ ಬಿಟ್ಟುಕೊಂಡಿದೆಯೋ ಅಲ್ಲಿ ಪೊಳ್ಳು ಸದ್ದು ಬರುತ್ತದೆ. ಮೂಲೆಯಲ್ಲಿ ಅಂಗೈಯಗಲ ಪೊಳ್ಳು ಸಿಕ್ಕಿತು. ಕೆತ್ತಿದೆ. ಸುಡುವ ಬೇಸಿಗೆಯಲ್ಲೂ ಒಳಗೆ ತಣ್ಣಗೆ ಹಸಿ, ಹೊಳೆಯ ವಾಸನೆ. ಸಿಮೆಂಟು ಮೆತ್ತಿ ಪಕ್ಕದಲ್ಲಿ ಬಡಿದೆ. ಆಗಷ್ಟೇ ಗಟ್ಟಿಯಿದ್ದ ಜಾಗ ಈಗ ಪೊಳ್ಳಾಗಿತ್ತು. ಅದನ್ನು ಮುಚ್ಚಿದರೆ ಇನ್ನೂ ಆಚೆ, ಬಾಗಿಲಿನ ಕಡೆಗೆ.

“ಒಂದು ತೇಪಿ ಹಚ್ಚಂದ್ರ ಇಡೀ ಗ್ವಾಡಿ ಕೆತ್ತಾಕತ್ತೀಯಲ್ಲೋ. ಹೆಂಡ್ತಿ ಮನಿಯಿಂದ ಹೊರಗ ಹಾಕ್ಯಾಳೇನು?” ಗುಡ್ಡವ್ವ ನಕ್ಕಳು.

“ಹಳೇ ಗಿಲಾಯಿ ಐತಿ, ಯವ್ವಾ,” ಎಂದು ಮಾತು ತೇಲಿಸಿದೆ.

ಬಾಗಿಲ ಚೌಕಟ್ಟಿಗೆ ಹತ್ತಿದ ಕೊನೆಯ ಪೊಳ್ಳು ಮುಚ್ಚುವ ಹೊತ್ತಿಗೆ ಉಮಾ ಬಂದಳು. ಕೂಸಿನೊಂದಿಗೆ ಒಳಗೆ ಹೋದಳು.

ಮರುದಿನ ತೇಪೆಗಳಿಗೆ ನೀರು ಹೊಡೆಯಲು ಹೋದಾಗ ಗೋಡೆಯನ್ನೆಲ್ಲ ಬಡಿದು ನೋಡಿದೆ. ಎಲ್ಲ ಗಟ್ಟಿ. ನಿರುಮ್ಮಳವಾಗಿ ಥಾಪಿ ತೊಳೆಯುತ್ತಿದ್ದೆ.

ಒಳಗಿನಿಂದ ಉಮಾ ಕರೆದಳು. “ಅಣ್ಣಾರ, ಇಲ್ಲೂ ಒಂಚೂರು ನೋಡ್ರಿ. ತೊಟ್ಟಲದ ಕಡೆ ಗ್ವಾಡಿ ಭಾಳ ತಣ್ಣಗ ಐತಿ.”

ಬಡಿದೆ. ತೊಟ್ಟಿಲಲ್ಲಿ ಮಲಗಿದ್ದ ಕೂಸಿನ ತಲೆಯ ಮಟ್ಟಕ್ಕೆ ಪೊಳ್ಳು. ತೊಟ್ಟಿಲನ್ನು ಎದುರು ಗೋಡೆಗೆ ಸರಿಸಿ, ಅಲ್ಲಿ ಬಡಿದೆ. ಅಲ್ಲೂ ಕೂಸಿನ ತಲೆಯ ಮಟ್ಟಕ್ಕೇ ಪೊಳ್ಳು. ತಿರುಗಿ ಹೋಗಿ ಬಡಿದರೆ, ತೊಟ್ಟಿಲು ಬಿಟ್ಟುಬಂದ ಜಾಗ ಈಗ ಗಟ್ಟಿಯಾಗಿತ್ತು.