ನೀರೊಳಗಿನ ಹಾಲುಮನೆ

“ಸಿಂಧುಜಾ ಬಾಯಿ ತೆಗೆದ್ರೆ ಮಾತಲ್ಲ, ನೀರು ಬರ್ತಿದೆ ಕಣೇ! ಮೂರು ದಿನ ಆಯ್ತು!”

ಗೋಕುಲ್ ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಕೂಗಿದ. ಬೀನ್ಸ್ ಬೀಜದ ಪೊಟ್ಟಣ ಜೋಡಿಸುತ್ತಿದ್ದ ಸುನೀತಾ ಗೊಳ್ಳೆಂದು ನಕ್ಕಳು. ಅವಳಪ್ಪ ಗುಂಡ್ಲುಪೇಟೆಯಿಂದ ಬಂದು ಮಂಜೂರಿನಲ್ಲಿ ಬೀಜದಂಗಡಿ ಇಟ್ಟು ಆರೇ ತಿಂಗಳು. ಕಾಲೇಜಿನಲ್ಲಿ ಹತ್ತಿರದವರೆಂದರೆ ಇವನೂ ಸಿಂಧುಜಾಳೂ ಮಾತ್ರ.

“ಅವ್ಳು ಮೂರು ದಿನ ಸುಮ್ನಿದ್ಳಾ? ಶಾಪ ಅಲ್ಲ ಕಣೋ, ನಮ್ಗೆ ವರ!”

“ನಗ್ಬೇಡ. ನನ್ ಗೇಮ್ ಆಡಿದ್ಮೇಲೇ ಹಿಂಗಾಗಿದ್ದು. ಶ್ವಾಸಕೋಶದಲ್ಲಿ ನೀರು ಏರ್ತಾನೇ ಇದೆಯಂತೆ. ಇನ್ನೆರಡು ದಿನ ಉಳಿದ್ರೆ ಹೆಚ್ಚು ಅಂದ್ರು ಡಾಕ್ಟ್ರು.”

ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋದ ತನ್ನ ಅಜ್ಜಿಯ ಹಟ್ಟಿಯನ್ನೇ ಅವನು ಗೇಮ್ ಮಾಡಿದ್ದ. ಟಾರ್ಚ್ ಹಿಡಿದು ಮನೆಯಿಂದ ಮನೆಗೆ ಈಜಬೇಕು, ಆಕ್ಸಿಜನ್ ಮುಗಿಯುವ ಮೊದಲು ಹೊರಬರಬೇಕು. ಅಜ್ಜಿ ಪಾಪಾತಿ ಹೇಳಿದಂತೆಯೇ ಮನೆಯೊಳಗೆ ಹಾಲುಮನೆಯನ್ನೂ ಬಿಡಿಸಿದ್ದ. ಕರೆದ ಹಾಲನ್ನು ಇಡಲು ಮನೆಯ ಗಂಡುಮಕ್ಕಳಷ್ಟೇ ಹೋಗುವ ಕತ್ತಲೆ ಕೋಣೆ ಅದು. ಹೆಂಗಸರೂ ಹೊರಗಿನವರೂ ಹೊಸಿಲು ದಾಟುವಂತಿಲ್ಲ. ನೀರು ಏರಿದ ದಿನ ಪಾಪಾತಿಯ ಅತ್ತೆ ಆ ಕೋಣೆಗೆ ಮಾಟ ಮಾಡಿಟ್ಟಿದ್ದಳಂತೆ. ಎಮ್ಮೆ ಕೂದಲಿನ ಹಗ್ಗ, ಏಳು ಗಂಟು, ಗಂಟಿಗೊಂದು ಮಂತ್ರ.

“ಅಜ್ಜಿ ಆ ಮಂತ್ರ ಹೇಳಿ ತೋರಿಸಿದ್ಲು. ಸೌಂಡ್ ಸಖತ್ತಾಗಿತ್ತು. ಕದ್ದು ರೆಕಾರ್ಡ್ ಮಾಡಿ ಬ್ಯಾಕ್‌ಗ್ರೌಂಡಿಗೆ ಹಾಕ್ಬಿಟ್ಟೆ. ಈಗ ‘ಏನ ಮಾಡಿಬುಟ್ಟೆ ಮಗಾ’ ಅಂತ ತಲೆ ಚಚ್ಕೊಳ್ತಾಳೆ.”

ಅವನು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟ. “ನಾನು ಆಸ್ಪತ್ರೆಗೆ ಹೊರಟೆ. ಇದು ಇಲ್ಲೇ ಇರ್ಲಿ. ತೆಗೀಬೇಡ. ಹಾಲುಮನೆಗಂತೂ ಹೋಗ್ಲೇಬೇಡ.”

“ಹೋಗಿ ಒಂದು ಲೋಟ ಹಾಲು ಕುಡ್ಕೊಂಡೇ ಬರ್ತೀನಿ, ಹೋಗೋ!”

ಗೋಕುಲ್ ನಗದೆ ಬಸ್ಸಿನತ್ತ ನಡೆದ.

ಬಸ್ಸಿನ ಸದ್ದು ಇಳಿಜಾರಿನಲ್ಲಿ ಕರಗುವ ಮೊದಲೇ ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು. ಹೊರಗೆ ಮಧ್ಯಾಹ್ನದ ಮಂಜು ಬೀದಿಯನ್ನು ನುಂಗುತ್ತಿತ್ತು. ಪರದೆಯಲ್ಲಿ ಕಂದು ನೀರು, ಪಾಚಿ ಹಿಡಿದ ಗೋಡೆ, ತೇಲುತ್ತಿರುವ ಒಂದು ತೊಟ್ಟಿಲು. ಕಿವಿಯಲ್ಲಿ ಮುದುಕಿಯ ಪಿಸುಮಾತು, ಒಣಗಿದ ಎಲೆಯ ಮೇಲೆ ಏನೋ ಹರಿದಾಡಿದಂತೆ. ಒಂದು ಗಂಟು. ಎರಡು ಗಂಟು.

ಮನೆಯಿಂದ ಮನೆಗೆ ಈಜಿ ಹಾಲುಮನೆ ಸಿಗುವಷ್ಟರಲ್ಲಿ ಗಂಟೆಯ ಮೇಲಾಗಿತ್ತು. ಅದರ ಬಾಗಿಲು ಮೊಣಕಾಲೆತ್ತರ. ಅವಳು ಕೀಲಿ ಒತ್ತಿದಳು. ಒಳಗೆ ನುಗ್ಗಿದಳು.

ವಾಸನೆ ಬಂತು. ಕೊಳೆತ ಕೆಸರು, ಹುಳಿತ ಹಾಲು. ಪರದೆಯಿಂದ ವಾಸನೆ ಬರುತ್ತದೆಯೇ? ಕಾಲು ತಣ್ಣಗಾಯಿತು. ಬಗ್ಗಿ ನೋಡಿದಳು. ನೆಲ ಒಣಗಿಯೇ ಇತ್ತು.

ಮೂಲೆಯಲ್ಲಿ ಯಾರೋ ಕುಳಿತಿದ್ದರು. ಮಡಿಲಲ್ಲಿ ಮಡಕೆ. ಟಾರ್ಚಿನ ಬೆಳಕು ಬಿದ್ದಾಗ ಮುಖ ತಿರುಗಿತು.

ಸಿಂಧುಜಾ.

ಅವಳು ಎದ್ದಳು. ಮಡಕೆಯನ್ನು ಮುಂದೆ ಚಾಚಿದಳು. ಸುನೀತಾ ಯಾವ ಕೀಲಿಯನ್ನೂ ಮುಟ್ಟಲಿಲ್ಲ. ಆದರೂ ಪರದೆಯ ಕೈಗಳು ಅದನ್ನು ತೆಗೆದುಕೊಂಡವು. ಸಿಂಧುಜಾ ಪಕ್ಕದಿಂದ ಜಾರಿ ಹೊರಗೆ ಈಜಿದಳು. ಬಾಗಿಲು ಮುಚ್ಚಿತು. ಏಳನೆಯ ಗಂಟು. ಪಿಸುಮಾತು ನಿಂತಿತು. ಉಸಿರು ಸಿಕ್ಕಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದಳು. ಉಸಿರು ಸಿಕ್ಕಲಿಲ್ಲ. ಎದೆ ಗುದ್ದಿಕೊಂಡಳು. ಒಂದಿಷ್ಟು ಗಾಳಿ ಒಳಹೋಯಿತು, ಗುಳುಗುಳು ಸದ್ದಿನೊಂದಿಗೆ.

ಫೋನ್ ಬಡಿದುಕೊಂಡಿತು.

“ಸುನೀ! ಮಾತು ಬಂತು ಕಣೇ! ಎದ್ದು ಕೂತೆ, ಇಡ್ಲಿ ಕೇಳ್ದೆ!” ಸಿಂಧುಜಾ ಅಳುತ್ತ ನಗುತ್ತಿದ್ದಳು. ಆಮೇಲೆ ಗೋಕುಲನ ಸಣ್ಣ ದನಿ: “ಆಡ್ದೆ ಅಲ್ವಾ? ಒಳಗೆ ಒಬ್ರು ಇರ್ಲೇಬೇಕಂತೆ. ಇನ್ನೊಬ್ರು ಬಂದ್ರೆ ಮಾತ್ರ ಮೊದಲಿನವ್ರು ಆಚೆ. ನಾನು ಆ ಮನೆ ಗಂಡ್ಮಗ, ನನ್ನ ಅದು ಹಿಡಿಯಲ್ಲ. ಬೇಡ ಅಂದ್ರೆ ನೀನು ತೆಗೀತೀಯ ಅಂತ ಗೊತ್ತಿತ್ತು. ಅವ್ಳು ಸಾಯ್ತಿದ್ಳು ಸುನೀತಾ... ನಾನೇನ್ ಮಾಡ್ಲಿ?”

ಬೈಯಲು ಅವಳು ಬಾಯಿ ತೆರೆದಳು. ತಣ್ಣನೆಯ ಕಂದು ನೀರು ಬೀಜದ ಪೊಟ್ಟಣಗಳ ಮೇಲೆ ಸುರಿಯಿತು.

ಕಳೆದ ಮೂರು, ಡಾಕ್ಟರು ಹೇಳಿದ ಇನ್ನೆರಡು: ಸಿಂಧುಜಾಳಿಗೆ ಇದ್ದದ್ದು ಐದು ದಿನ. ತನಗೂ ಅಷ್ಟೇ.

ಒಳಗಿನಿಂದ ಅಪ್ಪ ಕರೆದ. ಅವಳು ಬಾಯಿಗೆ ಕೈ ಒತ್ತಿಕೊಂಡಳು. ಮೇಜನ್ನು ಒರೆಸಿ, ಫೋನಿನಲ್ಲಿ ಭುವನಾಳ ಹೆಸರು ಹುಡುಕಿದಳು. ಭುವನಾ ಗೋಕುಲನ ತಂಗಿ, ಹನ್ನೊಂದನೆಯ ಕ್ಲಾಸು, ಕಂಡಾಗಲೆಲ್ಲ ‘ಅಕ್ಕಾ’ ಎಂದು ಕೈ ಹಿಡಿಯುವವಳು. ಬೆರಳು ಎರಡು ಸಲ ಬರೆದು ಅಳಿಸಿತು. ಮೂರನೆಯ ಸಲ ಕಳಿಸಿತು.

“ನಿಮ್ಮಣ್ಣನ ಗೇಮ್ ನನ್ ಹತ್ರ ಇದೆ. ಸಖತ್ ಭಯ. ನಿನ್ ಕೈಲಾಗಲ್ಲ ಬಿಡು.”

ಉತ್ತರ ತಟ್ಟನೆ ಬಂತು. “ಯಾಕಾಗಲ್ಲ ಅಕ್ಕಾ! ಅಣ್ಣ ಮುಟ್ಟೋಕೂ ಬಿಡಲ್ಲ. ನಾಳೆ ಹತ್ತಕ್ಕೆ ಬಸ್ ಸ್ಟ್ಯಾಂಡಿಗೆ ತರ್ತೀರಾ?”

ಎದೆಯೊಳಗೆ ನೀರು ಒಮ್ಮೆ ಮಗುಚಿತು. ಸುನೀತಾ ಬರೆದಳು: “ತರ್ತೀನಿ.”