ಅರ್ಧ ಬರೆದ ಚಿತ್ರ

ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯದೆ ಎದ್ದುಹೋದವನನ್ನು ದೇವರೂ ಹಿಂದಿನಿಂದ ಕೂಗಿ ಕರೆಯುವುದಿಲ್ಲ. ಆದರೆ ದೇವರ ತಾಳ್ಮೆ ದೊಡ್ಡದು. ಬೇರೆ ದಾರಿಯಿಂದ ಬಂದು ಮೆಲ್ಲನೆ ಭುಜ ತಟ್ಟುತ್ತಾನೆ.

ಆಫೀಸಿನಲ್ಲಿ ಆ ಹುಡುಗನಿಗೆ ಅವಸರಪ್ಪ ಎಂದೇ ಹೆಸರು. ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಗೆ ನಿಧಾನಮ್ಮ. ಹೆಸರಿಟ್ಟವರು ತಂಡದ ಹಿರಿಯರಾದ ದೊಡ್ಡಣ್ಣ. ಕಣ್ಣಿನ ಒಳಗಿನ ಫೋಟೊ ತೆಗೆಯುವ ಯಂತ್ರಕ್ಕೆ ಅವರೆಲ್ಲ ಸಾಫ್ಟ್‌ವೇರ್ ಬರೆಯುತ್ತಿದ್ದರು. ಕ್ಯಾಮೆರಾದಿಂದ ಚಿತ್ರ ತರುವ ಪ್ರೋಗ್ರಾಂ ಅವಳದು. ಅದನ್ನು ಡಾಕ್ಟರರ ಪರದೆಯಲ್ಲಿ ತೋರಿಸುವುದು ಅವನದು. ಒಂದು ಕೆಟ್ಟರೂ ಇನ್ನೊಂದು ನಡೆಯುತ್ತಿರಲಿ ಎಂದು ಎರಡನ್ನೂ ಬೇರೆ ಬೇರೆ ಇಟ್ಟಿದ್ದರು, ಒಂದೇ ಮನೆಯಲ್ಲಿ ಒಲೆ ಬೇರೆ ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ.

ಮೊದಲು ಅವಳ ಪ್ರೋಗ್ರಾಂ ಪ್ರತಿ ಚಿತ್ರವನ್ನೂ ಕಾಪಿ ಮಾಡಿ ಅವನದಕ್ಕೆ ಕಳಿಸುತ್ತಿತ್ತು. ಚಿತ್ರ ದೊಡ್ಡದು, ತಡವಾಗುತ್ತಿತ್ತು.

"ಹೊತ್ತು ತರೋದ್ಯಾಕೆ? ಮೆಮೊರಿಯಲ್ಲಿ ಇಬ್ಬರಿಗೂ ಸೇರಿದ ಒಂದು ಜಾಗ ಇಟ್ಕೊಳ್ಳೋಣ. ನಾನು ಅಲ್ಲೇ ಬರೀತೀನಿ, ನೀವು ಅಲ್ಲೇ ನೋಡ್ಕೊಳ್ಳಿ," ಎಂದವಳು ಅವಳೇ. ಒಂದೇ ಕರಾರು. ಚಿತ್ರ ಪೂರ್ತಿಯಾದ ಮೇಲೆ ಅವಳು 'ಮುಗಿಯಿತು' ಎಂಬ ಗುರುತಿನ ಫ್ಲ್ಯಾಗ್ ಎತ್ತುವಳು. ಅಲ್ಲಿಯವರೆಗೆ ಅವನು ಮುಟ್ಟಬಾರದು.

ಒಂದೇ ಜಾಗಕ್ಕೆ ಬಂದು ಹೋಗುತ್ತ ಹೋಗುತ್ತ ಅವನ ಮನಸ್ಸು ಅವಳಲ್ಲೇ ನಿಂತುಬಿಟ್ಟಿತು. ಕಳೆದ ವಾರ ಮೆಟ್ಟಿಲ ಬಳಿ ಕೇಳಿಯೂಬಿಟ್ಟ. "ನನ್ನನ್ನ ಮದುವೆ ಆಗ್ತೀರಾ?"

ಅವಳು ರೆಪ್ಪೆ ಇಳಿಸಿದಳು, ಎತ್ತಿದಳು. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದಳು. "ನಮ್ಮನೆಯಲ್ಲಿ..." ಎಂದು ಸುಮ್ಮನಾದಳು.

"ಅರ್ಥ ಆಯ್ತು ಬಿಡಿ," ಎಂದು ಅವನು ಮೆಟ್ಟಿಲಿಳಿದೇಬಿಟ್ಟ. ಮರುದಿನವೇ ಬೇರೆ ಊರಿನ ಶಾಖೆಗೆ ವರ್ಗ ಕೇಳಿದ. ಇಂದು ಇಲ್ಲಿ ಅವನ ಕೊನೆಯ ದಿನ.

ಕೆಲಸ ಒಪ್ಪಿಸುವ ಮುನ್ನ ಕಡೆಯ ಪರೀಕ್ಷೆ. ಯಂತ್ರದಿಂದ ಬಿಚ್ಚಿದ ಕ್ಯಾಮೆರಾ ಮೇಜಿನ ಮೇಲಿತ್ತು. ಅದರ ಮುಂದೆ ಅವನು ಕೂತ. ಅವಳು ಫೋಟೊ ತೆಗೆದಳು. ಆಮೇಲೆ ತಾನೇ ಕೂತು ಗುಂಡಿ ಒತ್ತಿದಳು. ಇಬ್ಬರೂ ಪರದೆ ನೋಡಿದರು.

ಮೇಲೆ ಅವಳ ಹಣೆ, ಅವಳ ಕಣ್ಣು. ಮೂಗಿನಿಂದ ಕೆಳಗೆ ಅವನ ಮೀಸೆ.

"ಮೀಸೆ ನನಗೆ ಒಪ್ಪುತ್ತೆ, ಅಲ್ವಾ?" ಅವಳ ತುಟಿಯ ಅಂಚು ನಡುಗಿತು.

ಅವನಿಗೆ ನಗು ಬಂತು, ನಗಲಾಗಲಿಲ್ಲ.

"ಫ್ಲ್ಯಾಗ್ ನೋಡ್ಲಿಲ್ವಾ?"

"ಕಾಯೋದನ್ನ ತೆಗೆದುಹಾಕಿದ್ದೆ. ಯಂತ್ರ ಬಳಸೋ ಡಾಕ್ಟರಮ್ಮ ಚಿತ್ರ ಇನ್ನೂ ಬೇಗ ಬರಲಿ ಅಂದ್ರು. ನೀವು ಬರೆಯೋಕೆ ಶುರು ಮಾಡಿದ ಕೂಡಲೇ ತಗೊಂಡ್ಬಿಡುತ್ತೆ. ಕೆಳಗೆ ಹಳೇ ಚಿತ್ರ ಹಾಗೇ ಉಳಿದಿರುತ್ತೆ."

"ಚೆನ್ನಾಗಿದೆ! ರೋಗಿಗಳ ಕಣ್ಣಲ್ಲಿ ಹೀಗಾದ್ರೆ? ಅರ್ಧ ಅವರದು, ಅರ್ಧ ಇವರದು!"

ಅವನು ಕೂತು ಕಾಯುವುದನ್ನು ಮತ್ತೆ ಸೇರಿಸಿದ. ಈ ಸಲ ಅವಳ ಮುಖ ಇಡಿಯಾಗಿ ಬಂತು. ಅವನು ಅದನ್ನು ನೋಡುತ್ತಿರುವಾಗ ಅವಳೆಂದಳು, "ಮೆಟ್ಟಿಲ ಹತ್ರಾನೂ ಇದೇ ಮಾಡಿದ್ರಿ. ನಾನು ಆಗಷ್ಟೇ ಶುರು ಮಾಡಿದ್ದೆ. ಅರ್ಧಕ್ಕೇ ಓದ್ಕೊಂಡು ಹೊರಟುಬಿಟ್ರಿ."

ಅಷ್ಟರಲ್ಲಿ ದೊಡ್ಡಣ್ಣ ಬಾಗಿಲಲ್ಲಿ ಇಣುಕಿದರು. "ಏನಪ್ಪಾ ಅವಸರಪ್ಪ, ವರ್ಗದ ಕಾಗದಕ್ಕೆ ಸಹಿ ಹಾಕ್ತೀಯೋ ಇಲ್ವೋ?"

"ಸ್ವಲ್ಪ ಇರಿ ದೊಡ್ಡಣ್ಣ. ಇಲ್ಲಿ ಮಾತು ಮುಗಿದಿಲ್ಲ."

ಅವನ ಬಾಯಲ್ಲಿ 'ಸ್ವಲ್ಪ ಇರಿ'! ದೊಡ್ಡಣ್ಣ ಕಿವಿ ಉಜ್ಜಿಕೊಳ್ಳುತ್ತ ಹಿಂದಿರುಗಿದರು.

ಅವನು ಕೈಗಳನ್ನು ತೊಡೆಯ ಮೇಲಿಟ್ಟು ಕೂತ. ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕೆ ಜಾರಿತು. ಅವಳ ಮೌನ ಖಾಲಿಯಲ್ಲವೆಂದು ಅವನಿಗೆ ಮೊದಲ ಬಾರಿ ಕಂಡಿತು. ಕಣ್ಣು ಮುಚ್ಚಿ ದೇವರೆದುರು ನಿಂತವರ ಮೌನದಂತೆ ಅದು ತುಂಬಿಕೊಂಡಿತ್ತು.

"ನಮ್ಮನೆಯಲ್ಲಿ ಅಪ್ಪನಿಗೆ ಕಣ್ಣು ಕಾಣ್ಸಲ್ಲ. ರೋಗ ತಡವಾಗಿ ಗೊತ್ತಾಯ್ತು. ಅವರನ್ನ ಬಿಟ್ಟು ನಾನಿರಲ್ಲ. ನನ್ನ ಕಟ್ಟಿಕೊಳ್ಳೋರು ನಮ್ಮನೆಗೇ ಬರಬೇಕು. ಅದನ್ನ ಹೇಗೆ ಹೇಳೋದು ಅಂತ..."

ಅವನು ಬಾಯಿ ತೆರೆದ.

"ಇನ್ನೂ ಮುಗ್ದಿಲ್ಲ."

ಮುಚ್ಚಿದ.

"ನೀವು ಕೇಳಿದ್ದನ್ನ ಅಪ್ಪನಿಗೆ ಹೇಳ್ದೆ. 'ಹುಡುಗ ಹೇಗೆ?' ಅಂದ್ರು. 'ದುಡುಕು. ಆದ್ರೆ ತಪ್ಪು ತೋರಿಸಿದ್ರೆ ಮುನಿಸ್ಕೊಳ್ಳಲ್ಲ, ತಿದ್ಕೋತಾರೆ' ಅಂದೆ. 'ಹಾಗಿದ್ರೆ ಕರ್ಕೊಂಡು ಬಾ, ದನಿ ಕೇಳ್ಬೇಕು' ಅಂದ್ರು." ಈಗ ಅವಳು ರೆಪ್ಪೆ ಇಳಿಸಲಿಲ್ಲ. "ನನಗೆ ನೀವು ಇಷ್ಟ. ಅವತ್ತೂ ಇಷ್ಟಾನೇ. ಮುಗೀತು. ಹೇಳಿ."

ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಅವಳು ಅವಸರಪಡಿಸಲಿಲ್ಲ.

"ನಿಮ್ಮನೆಯಲ್ಲಿ ನನಗೊಂದು ಮೂಲೆ ಸಿಕ್ಕರೆ ಸಾಕು," ಎಂದ ಕೊನೆಗೆ. "ಅಪ್ಪನ್ನ ನೋಡೋಕೆ ಇವತ್ತು ಸಂಜೆಯೇ ಬರ್ಲಾ?"

"ಮೊದಲು ಹೋಗಿ ಆ ವರ್ಗ ಬೇಡ ಅಂತ ಹೇಳಿ ಬನ್ನಿ," ಎಂದು ಅವಳು ಚೀಲ ಹೆಗಲಿಗೇರಿಸಿದಳು. "ಬೇಗ!"