ಬೆಡ್‌ಶೀಟಿನ ಆ ತುದಿ

"ಥೂ, ನಿನ್ನ ಮನೆ ಹಾಳಾಗ!"

ಇಸ್ತ್ರಿಪೆಟ್ಟಿಗೆಗೆ ಬೈದ ಬೈಗುಳ ಅದು. ಅಪ್ಪಟ ಕನ್ನಡ.

ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಕೈಯಿಂದ ಬಟ್ಟೆಬುಟ್ಟಿ ಜಾರಿತು. ಈ ಪರದೇಶದ ವೃದ್ಧಾಶ್ರಮಕ್ಕೆ ಬಂದು ವಾರವಾಗಿತ್ತು. ವಾರವಿಡೀ ತಲೆಯಾಡಿಸಿ, ನಕ್ಕು, ಕೈಸನ್ನೆ ಮಾಡಿ ದಿನ ದೂಡಿದ್ದಳು. ಈಗ, ಉಗಿ ತುಂಬಿದ ಬಟ್ಟೆಕೋಣೆಯಲ್ಲಿ, ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡು ನಿಂತಿದ್ದಾನೆ ಒಬ್ಬ ಹೊಸ ಹುಡುಗ...

"ನೀವು ಕನ್ನಡದವರಾ? ಕೈ ಸುಟ್ಟಿತಾ? ತಣ್ಣೀರಿಗೆ ಹಿಡೀರಿ..."

ಅವನು ಅವಳನ್ನೇ ನೋಡಿದ. ಆಮೇಲೆ ಆ ದೇಶದ ಭಾಷೆಯಲ್ಲಿ, ಪಾಠ ಒಪ್ಪಿಸುವವನಂತೆ ಹೇಳಿದ: "ಕ್ಷಮಿಸಿ. ನಿಮ್ಮ ಮಾತು ನನಗೆ ಅರ್ಥವಾಗುವುದಿಲ್ಲ."

ಮುಖದ ಮೇಲೆ ಬಾಗಿಲು ಹಾಕಿದಂತಾಯಿತು ಅವಳಿಗೆ. 'ಇಷ್ಟು ಸೊಕ್ಕಾ?'

ಭಾಷೆ ಕಲಿಯುವ ವಿದ್ಯಾರ್ಥಿಗಳಿಗೆ ಬೇಸಿಗೆ ರಜೆಯಲ್ಲಿ ಅಲ್ಲಿ ಊಟ, ವಸತಿ ಕೊಡುತ್ತಿದ್ದರು. ಬದಲಿಗೆ ಬೆಳಿಗ್ಗೆ ಬಟ್ಟೆಕೆಲಸ ಮಾಡಬೇಕು, ಮಧ್ಯಾಹ್ನ ಮುದುಕರ ಜೊತೆ ಕೂತು ಮಾತಾಡಬೇಕು. ಕೊನೆಗೆ ಮೌಖಿಕ ಪರೀಕ್ಷೆ. ಗೆದ್ದವರು ಅಲ್ಲೇ ಉಳಿದು ವರ್ಷದ ಕೋರ್ಸ್ ಓದಬಹುದು. ಸೋತವರು ಊರಿಗೆ. ಅವಳ ಪಾಲಿಗೆ ಊರೆಂದರೆ ಅಣ್ಣನ ಜೆರಾಕ್ಸ್ ಅಂಗಡಿಯ ಸ್ಟೂಲು.

"ಅಲ್ಲಿ ನಮ್ಮೋರು ಯಾರೂ ಇಲ್ವೇನೇ?" ಎಂದು ಅಮ್ಮ ಫೋನಿನಲ್ಲಿ ಕೇಳಿದಳು.

"ಒಬ್ಬ ಇದ್ದಾನೆ. ಮೌನಿಬಾಬಾ."

ಆದರೆ ಬೆಡ್‌ಶೀಟ್ ಮಡಿಸಲು ಇಬ್ಬರು ಬೇಕು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಎಳೆದು ಕೊಡವಿ, ಎದುರುಬದುರು ನಡೆದು ಬಂದು, ತುದಿಗೆ ತುದಿ ಸೇರಿಸಬೇಕು. ಬೆರಳಿಗೆ ಬೆರಳು ತಾಗುತ್ತಿತ್ತು. ಮತ್ತೆ ಹಿಂದೆ ಸರಿಯಬೇಕು. ಬೆಳಿಗ್ಗೆಯೆಲ್ಲ ಹೀಗೆ ಹತ್ತಿರ, ಹೀಗೆ ದೂರ... ಮಾತು ಮಾತ್ರ ಇಲ್ಲ.

ಒದ್ದೆ ಬಟ್ಟೆಯ ಭಾರದ ಬುಟ್ಟಿಗಳನ್ನು ಅವನು ಅವಳಿಗೆ ಮುಟ್ಟಗೊಡುತ್ತಿರಲಿಲ್ಲ. 'ಸೊಕ್ಕಿನವನಿಗೆ ಇದೆಲ್ಲ ಯಾಕೆ?' ಎಂದುಕೊಳ್ಳುತ್ತಲೇ ಅವಳು ಬೆಳಗಾಗುವುದನ್ನು ಕಾಯತೊಡಗಿದ್ದಳು.

ಕನ್ನಡ ಸಿಗದ ಬಾಯಿ ಸುಮ್ಮನಿರಲಾರದೆ ಅವಳನ್ನು ಆಶ್ರಮದ ಟಿಕೆಟ್ ಅಜ್ಜಿಯ ಹತ್ತಿರ ಎಳೆದೊಯ್ದಿತು. ರೈಲ್ವೆ ಕೌಂಟರಿನಲ್ಲಿ ಟಿಕೆಟ್ ಹರಿಯುತ್ತಲೇ ಮುದುಕಿಯಾದವಳು ಆಕೆ. ಹುಡುಗಿ ತಪ್ಪು ಮಾತಾಡಿದರೂ ನಗುತ್ತಿದ್ದಳು, ಸರಿ ಮಾತಾಡಿದರೆ ಇನ್ನೂ ಜೋರಾಗಿ ನಗುತ್ತಿದ್ದಳು. ಆಕೆಯೆದುರು ಮೌನಿಬಾಬಾನನ್ನು ಬೈಯುತ್ತ ಬೈಯುತ್ತ ಹುಡುಗಿಗೆ ಆ ಭಾಷೆ ಬಂದೇಬಿಟ್ಟಿತು. ಅಷ್ಟು ಬೈಯಬೇಕಾದರೆ ಎಷ್ಟು ಇಷ್ಟವಿರಬೇಕು ಎಂದು ಅಜ್ಜಿ ಒಮ್ಮೆ ಕೇಳಿದಳು. ಉತ್ತರಿಸಲು ಬೇಕಾದ ಶಬ್ದಗಳೆಲ್ಲ ಗೊತ್ತಿದ್ದೂ ಹುಡುಗಿ ಅಜ್ಜಿಯ ಹೊದಿಕೆ ಸರಿಮಾಡತೊಡಗಿದಳು.

ಪರೀಕ್ಷೆಯಲ್ಲಿ ಅವಳು ಗೆದ್ದಳು. ಅವನು ಸೋತ.

ಹೊರಡುವ ದಿನ ಬೆಳಿಗ್ಗೆಯೂ ಅವನು ಕೆಲಸಕ್ಕೆ ಬಂದಿದ್ದ. ಚೀಲ ಬಾಗಿಲ ಬಳಿ ಇತ್ತು. ಕೊನೆಯ ಬೆಡ್‌ಶೀಟ್. ತುದಿಗೆ ತುದಿ ಸೇರಿತು. ಅವನು ಕೈಬಿಡಲಿಲ್ಲ.

"ನಾನು ಕನ್ನಡದವನೇ," ಎಂದ.

"ಗೊತ್ತು. ಇಸ್ತ್ರಿಪೆಟ್ಟಿಗೆಗೂ ಗೊತ್ತು."

ಅವನು ನಗಲಿಲ್ಲ. ಹಿಂದಿನ ಬೇಸಿಗೆಯಲ್ಲೂ ಅವನು ಬಂದಿದ್ದನಂತೆ, ಊರಿನ ಗೆಳೆಯನ ಜೊತೆ. ರಜೆಯೆಲ್ಲ ಕನ್ನಡದಲ್ಲೇ ಹರಟೆ ಹೊಡೆದು ಇಬ್ಬರೂ ಸೋತು ಹೋದರಂತೆ. ಈ ಸಲದ್ದು ಅವನ ಕೊನೆಯ ಅವಕಾಶ. ಅದಕ್ಕೇ ಅವಳ ಕನ್ನಡ ಕಿವಿಗೆ ಬಿದ್ದ ಕೂಡಲೇ ಬಾಯಿಗೆ ಬೀಗ ಹಾಕಿಕೊಂಡಿದ್ದ. ಆ ಬೀಗ ಎರಡೂ ಭಾಷೆಗೆ ಬಿತ್ತು.

"ನಿಮ್ಮ ಹತ್ರ ಬಾಯಿ ಬಿಟ್ರೆ ಬೇರೆ ಯಾರ ಹತ್ರಾನೂ ಮಾತಾಡಲ್ಲ ಅಂತ ಹೆದರಿದ್ದೆ. ಬಾಯಿ ಬಿಡದೇನೂ ಅದೇ ಆಯ್ತು. ಮುದುಕರ ಮುಂದೆ ಕೂತ್ರೂ ತಲೇಲಿ ನೀವೇ. ನೀವಂದ್ರೆ ನಂಗೆ..."

"ಪೂರ್ತಿ ಹೇಳಿ."

"ಇಷ್ಟ. ತುಂಬಾ."

'ಇವತ್ತೇ ಹೇಳಬೇಕಿತ್ತಾ...' ಎನಿಸಿತು ಅವಳಿಗೆ.

"ನಂಗೂ," ಎಂದಳು.

"ಊರಿಂದ ದಿನಾ ಫೋನ್ ಮಾಡ್ಲಾ?"

'ಹೂಂ' ಎನ್ನಲು ಅವಳ ಜೀವ ಹಾತೊರೆಯಿತು. ಆದರೆ ಆ ಫೋನು ಬರತೊಡಗಿದರೆ ತಾನು ಟಿಕೆಟ್ ಅಜ್ಜಿಯ ಬಳಿ ಹೋಗುವುದಿಲ್ಲ, ತರಗತಿಯಲ್ಲಿ ಕಿವಿಗೊಡುವುದಿಲ್ಲ, ಇಡೀ ದಿನ ಆ ಒಂದು ಕರೆಗೇ ಕಾಯುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು. ಅವನ ಬೇಸಿಗೆ ಹೋದ ದಾರಿಯಲ್ಲೇ ಅವಳ ವರ್ಷವೂ ಹೋಗುತ್ತದೆ.

"ಬೇಡ. ನಿಮಗಿದ್ದ ಹೆದರಿಕೆ ಈಗ ನಂಗೂ ಬಂದಿದೆ."

"ವರ್ಷ ಆದ್ಮೇಲೆ?"

"ಆಗ ನೀವೆಲ್ಲೋ, ನಾನೆಲ್ಲೋ. ಮಾತು ಕೊಡಲ್ಲ. ತಗೊಳ್ಳೋದೂ ಇಲ್ಲ."

ಅವನು ತಲೆಯಾಡಿಸಿದ. ಒಗೆಯುವ ಯಂತ್ರ ತನ್ನ ಪಾಡಿಗೆ ಗುಡುಗುಡು ಎನ್ನುತ್ತಿತ್ತು.

"ಬಸ್ ಎಷ್ಟೊತ್ತಿಗೆ?" ಅವಳೇ ಕೇಳಿದಳು.

"ಮಧ್ಯಾಹ್ನ."

"ಹಾಗಾದ್ರೆ ಅಲ್ಲೀವರೆಗೆ ಕನ್ನಡ," ಎಂದಳು. ಕಣ್ಣೊರೆಸಿಕೊಂಡು, ಮೊದಲ ದಿನವೇ ಉಳಿದುಹೋಗಿದ್ದ ಪ್ರಶ್ನೆಯನ್ನು ಕೇಳಿದಳು: "ಅವತ್ತು ಕೈ ಸುಟ್ಟಿತ್ತಲ್ಲ... ತಣ್ಣೀರಿಗೆ ಹಿಡಿದ್ರಾ?"

"ಹಿಡಿದೆ," ಎಂದ ಅವನು. "ನೀವು ಆ ಕಡೆ ತಿರುಗಿದ ಕೂಡ್ಲೇ."